ಬಸ್ಸಾರಿನ ಊಟ: ಹಾಸನದ ಒಂದು ಮೆಸ್ ಕುರಿತು

ಹಾಸನದಲ್ಲಿ ಓಟ, ಕಬಡ್ಡಿ ಅಭ್ಯಾಸ ಮಾಡುವ ಹುಡುಗ ಹುಡುಗಿಯರು ವಿಟಮಿನ್ ಮಾತ್ರೆಗಳಿಗೆ ಹಣ ಸುರಿಯುವ ಮೊದಲು ಬಸ್ ನಿಲ್ದಾಣದ ಸಮೀಪದ ಈ ಪುಟ್ಟ ಮೆಸ್‌ನಲ್ಲಿ ಮಧ್ಯಾಹ್ನದ ಊಟ ಮಾಡಿ ನೋಡಬೇಕೆಂಬುದು ನನ್ನ ಮನಃಪೂರ್ವಕ ಶಿಫಾರಸು. ಇಲ್ಲಿ ದಂಟಿನ ಸೊಪ್ಪನ್ನೂ ಹೆಸರುಕಾಳನ್ನೂ ಬೇಯಿಸಿ ಬಸಿದ ನೀರನ್ನು ಚೆಲ್ಲದೆ, ಅದಕ್ಕೆ ರುಬ್ಬಿದ ಖಾರ ಸೇರಿಸಿ ಬಸ್ಸಾರು ಮಾಡುತ್ತಾರೆ. ಫೋಲೇಟ್ ಮತ್ತಿತರ ಬಿ ಗುಂಪಿನ ಜೀವಸತ್ವಗಳು ನೀರಿನಲ್ಲಿ ಕರಗುವಂಥವಾದ್ದರಿಂದ, ಬೇಯುವಾಗ ಸೊಪ್ಪಿನಿಂದ ಹೊರಬಂದದ್ದರಲ್ಲಿ ಒಂದಷ್ಟು ಪಾಲಾದರೂ ಸಾರಿನೊಂದಿಗೆ ಉಣ್ಣುವವರ ಹೊಟ್ಟೆ ಸೇರುತ್ತದೆ. ಬಸಿದ ಸೊಪ್ಪು, ಕಾಳಿಗೆ ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು, ಮೇಲೆ ಕಾಯಿತುರಿ ಉದುರಿಸುತ್ತಾರೆ. ಸೊಪ್ಪಿನಲ್ಲಿರುವ, ದೇಹದಲ್ಲಿ ವಿಟಮಿನ್ ಎ ಆಗಿ ಬದಲಾಗುವ ಬೀಟಾ ಕ್ಯಾರೊಟಿನ್ ಮೈಗೆ ಹತ್ತಲು ಇಷ್ಟು ಜಿಡ್ಡು ಬೇಕೇ ಬೇಕು. ರಾಗಿ ಮುದ್ದೆಯಂತೂ ಗಂಟಿಲ್ಲದೆ, ಬೆರಳಿಗೆ ಅಂಟದೆ, ಹಬೆಯಾಡುತ್ತ ತಟ್ಟೆಗೆ ಬರುತ್ತದೆ.

ಕೊರತೆಯಿರುವುದು ವಿಟಮಿನ್ ಸಿ ವಿಷಯದಲ್ಲಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2020ರ ಶಿಫಾರಸಿನಂತೆ ವಯಸ್ಕ ಪುರುಷರಿಗೆ ದಿನಕ್ಕೆ 80 ಮಿಲಿಗ್ರಾಂ ಬೇಕು. ಒಂದು ಸೀಬೆಹಣ್ಣು ಅಷ್ಟನ್ನು ಧಾರಾಳವಾಗಿ ಕೊಡುತ್ತದೆ, ಜೊತೆಗೆ ಸೊಪ್ಪಿನ ಕಬ್ಬಿಣಾಂಶವನ್ನು ಹೀರಿಕೊಳ್ಳಲೂ ನೆರವಾಗುತ್ತದೆ. ಇಲ್ಲಿ ಹಣ್ಣೇ ಇಲ್ಲ, ನಿಂಬೆಹೋಳನ್ನೂ ಕೇಳಿಯೇ ಪಡೆಯಬೇಕು. ಸೊಪ್ಪು, ಕಾಳುಗಳಲ್ಲಿ ದೊರೆಯದ ಬಿ12 ಸಲುವಾಗಿ ನೀರು ಮಜ್ಜಿಗೆಯ ಬದಲು ಗಟ್ಟಿ ಮೊಸರನ್ನೋ ಬೇಯಿಸಿದ ಮೊಟ್ಟೆಯನ್ನೋ ಕೊಟ್ಟರೆ, ಸ್ವಲ್ಪ ಹೆಚ್ಚು ದರ ತೆರಲು ನಾನು ಸಂತೋಷದಿಂದ ಸಿದ್ಧ.