‘ಬ್ಯಾಕಪ್ ಇದೆ’ ಎಂದರೆ ಸಾಲದು, ರೀಸ್ಟೋರ್ ಮಾಡಿ ತೋರಿಸಿ ಅನ್ನಿ

ಡೇಟಾಬೇಸ್ ನೋಡಿಕೊಳ್ಳುವ ಕೆಲಸವನ್ನು ಹೊರಗಿನವರಿಗೆ ವಹಿಸಿರುವ ವ್ಯಾಪಾರಸ್ಥರು ದಯವಿಟ್ಟು ಇದನ್ನು ಪೂರ್ತಿ ಓದಿ.

ನಾನಿರುವುದು ಔಷಧ ಸಗಟು ಮಾರಾಟದ ಸಂಸ್ಥೆಯಲ್ಲಿ. ನಮ್ಮ ಸ್ಟಾಕು, ಬಿಲ್ಲು ಎಲ್ಲ ಪೋಸ್ಟ್‌ಗ್ರೆಸ್ ಡೇಟಾಬೇಸಿನಲ್ಲಿದೆ. ಬ್ಯಾಕಪ್ಪಿನ ಹೊಣೆ ಒಂದು ಸಪೋರ್ಟ್ ಏಜೆನ್ಸಿಯದು. ಭಾನುವಾರ ಪೂರ್ತಿ ಬ್ಯಾಕಪ್, ಆಮೇಲಿನ ಪ್ರತಿ ಬದಲಾವಣೆಯ ಲಾಗ್ ಫೈಲು ಬೇರೊಂದು ಡಿಸ್ಕಿಗೆ. ಇವೆರಡೂ ಇದ್ದರೆ ಯಾವ ನಿಮಿಷಕ್ಕೆ ಬೇಕಾದರೂ ಹಿಂದಕ್ಕೆ ಹೋಗಬಹುದು ಎಂದು ಒಪ್ಪಂದದಲ್ಲೇ ಬರೆದುಕೊಟ್ಟಿದ್ದರು.

ಒಂದು ಶುಕ್ರವಾರ ಮಧ್ಯಾಹ್ನ ಅವರ ಕಡೆಯವರೇ ಒಂದು ಬ್ಯಾಚಿನ ಎಕ್ಸ್‌ಪೈರಿ ತಿದ್ದಲು ಹೋಗಿ, ವೇರ್ ಶರತ್ತು (ಯಾವ ಸಾಲುಗಳನ್ನು ಮಾತ್ರ ತಿದ್ದಬೇಕು ಎಂದು ಹೇಳುವ ಭಾಗ) ಹಾಕದೆ ಅಪ್‌ಡೇಟ್ ಆದೇಶ ಓಡಿಸಿಬಿಟ್ಟರು. ಗೋದಾಮಿನ ಅಷ್ಟೂ ಬ್ಯಾಚುಗಳಿಗೆ ಒಂದೇ ದಿನಾಂಕ! ಇನ್ಸುಲಿನ್‌ಗೂ ಅದೇ, ಮಕ್ಕಳ ಸಿರಪ್ಪಿಗೂ ಅದೇ. ಅವಧಿ ಮುಗಿದ ಔಷಧ ರೋಗಿಯ ಕೈ ಸೇರಿದರೆ ಗತಿಯೇನು? ತಕ್ಷಣ ಬಿಲ್ಲಿಂಗ್ ನಿಲ್ಲಿಸಿದೆವು.

“ಗಾಬರಿ ಆಗ್ಬೇಡಿ ಸರ್, ಅದಕ್ಕಿಂತ ಒಂದು ನಿಮಿಷ ಹಿಂದಕ್ಕೆ ತಂದುಕೊಡ್ತೀವಿ” ಅಂದರು. ಭಾನುವಾರದ ಪ್ರತಿ ತೆಗೆದು ಅದರ ಮೇಲೆ ಲಾಗುಗಳನ್ನು ಒಂದೊಂದಾಗಿ ಹರಿಸಿದರು. ಬುಧವಾರದವರೆಗೆ ಬಂದು ನಿಂತುಹೋಯಿತು. ಫೈಲಿನ ಗಾತ್ರ ತಪ್ಪು, 16777216 ಇರಬೇಕಾದಲ್ಲಿ 0 ಇದೆ ಎಂಬ ದೋಷ. ಅಂದರೆ 16 ಎಂಬಿ ಇರಬೇಕಾದ ಲಾಗ್ ಫೈಲು ಖಾಲಿ.

ಆದದ್ದು ಇಷ್ಟು. ಬುಧವಾರ ಆ ಡಿಸ್ಕ್ ತುಂಬಿ ಕಾಪಿ ಫೇಲ್ ಆಗಿತ್ತು. ಆದರೆ ಲಾಗ್ ಫೈಲು ಕಾಪಿ ಮಾಡಲು ಏಜೆನ್ಸಿ ಬರೆದಿದ್ದ ಶೆಲ್ ಸ್ಕ್ರಿಪ್ಟಿನಲ್ಲಿ (ಸಾಲು ಸಾಲಾಗಿ ಓಡುವ ಆದೇಶಗಳ ಪಟ್ಟಿ) ಕಾಪಿ ಮಾಡುವ ಸಾಲಿನ ಕೆಳಗೆ ‘ಮುಗಿಯಿತು’ ಎಂದು ಬೇರೆ ಕಡತಕ್ಕೆ ಬರೆಯುವ ಇನ್ನೊಂದು ಸಾಲಿತ್ತು. ಶೆಲ್ ಸ್ಕ್ರಿಪ್ಟು ಹಿಂದಿರುಗಿಸುವುದು ಕೊನೆಯ ಸಾಲಿನ ಫಲಿತಾಂಶವನ್ನು. ಅದು ಸೊನ್ನೆ, ಅಂದರೆ ಯಶಸ್ಸು. ಪೋಸ್ಟ್‌ಗ್ರೆಸ್ ಅದನ್ನೇ ನಂಬಿ ತನ್ನ ಬಳಿಯ ಲಾಗ್ ಫೈಲನ್ನು ಮರುಬಳಕೆಗೆ ತೆಗೆದುಕೊಂಡಿತು. ಕಾಪಿ ಫೇಲ್ ಎಂದು ತಿಳಿದಿದ್ದರೆ ಅದು ಫೈಲನ್ನು ಇಟ್ಟುಕೊಂಡು ಮತ್ತೆ ಮತ್ತೆ ಪ್ರಯತ್ನಿಸುತ್ತಿತ್ತು. ಹೀಗೆ ಲಾಗುಗಳನ್ನು ಬೇರೆ ಡಿಸ್ಕಿಗೆ ಸೇರಿಸಿಡುವುದೇ ಆರ್ಕೈವ್. ಅದರ ಅಂಕಿಅಂಶದಲ್ಲಿ ವೈಫಲ್ಯದ ಲೆಕ್ಕ ಸೊನ್ನೆ, ಏಜೆನ್ಸಿಯ ಪರದೆಯಲ್ಲಿ ಎಲ್ಲವೂ ಹಸಿರು.

ಸಂಜೆಗೆ ಯಾರೋ ಜಾಗ ಖಾಲಿ ಮಾಡಿದ್ದರಿಂದ ಗುರುವಾರ, ಶುಕ್ರವಾರದ ಲಾಗುಗಳು ಸರಿಯಾಗಿಯೇ ಇದ್ದವು. ಇದ್ದೂ ಉಪಯೋಗವಿಲ್ಲ. ಖಾತೆ ಪುಸ್ತಕದ ನಡುವಿನ ಹಾಳೆ ಹರಿದುಹೋದರೆ ಮುಂದಿನ ಹಾಳೆಯ ಬಾಕಿ ತಾಳೆಯಾಗುವುದಿಲ್ಲವಲ್ಲ, ಹಾಗೆ. ಒಂದು ಫೈಲು ಹೋದರೆ ಅದರಾಚೆಗಿನ ಯಾವುದನ್ನೂ ಹರಿಸಲು ಆಗುವುದಿಲ್ಲ.

ಅಷ್ಟಾದ ಮೇಲೆ ಏಜೆನ್ಸಿಯವರು ಬುಧವಾರದ ಸ್ಥಿತಿಯನ್ನೇ ನಮ್ಮ ಚಾಲ್ತಿ ಡೇಟಾಬೇಸಿನ ಮೇಲೆ ಹಾಕಲು ಹೊರಟಿದ್ದರು. ಹಾಗೆ ಮಾಡಿದ್ದರೆ ಆಮೇಲಿನ ಬಿಲ್ಲುಗಳೂ ಹೋಗುತ್ತಿದ್ದವು. ಪಟ್ಟು ಹಿಡಿದು ಬೇರೆ ಸರ್ವರಿನಲ್ಲಿ ರೀಸ್ಟೋರ್ ಮಾಡಿಸಿ, ಅಲ್ಲಿಂದ ಎಕ್ಸ್‌ಪೈರಿ ಕಾಲಮ್ಮನ್ನು ಮಾತ್ರ ತಂದೆವು. ಬುಧವಾರದ ನಂತರ ಬಂದ ಮಾಲಿಗೆ ಆ ದಾರಿಯೂ ಇರಲಿಲ್ಲ. ಗೋದಾಮಿನ ಹುಡುಗರು ಒಂದೊಂದೇ ಪೆಟ್ಟಿಗೆ ಇಳಿಸಿ, ಮೊಬೈಲ್ ಟಾರ್ಚ್ ಹಿಡಿದು, ಮಾತ್ರೆ ಪಟ್ಟಿಯ ಅಂಚಿನಲ್ಲಿ ಒತ್ತಿದ ಮಸುಕು ಅಕ್ಷರ ಓದಿ ಹೇಳಿದರು, ನಾವು ಬರೆದುಕೊಂಡೆವು.

ದೊಡ್ಡವರಿಗೂ ಇದು ತಪ್ಪಿಲ್ಲ. 2017ರ ಜನವರಿ 31ರಂದು, ತಂತ್ರಾಂಶ ಬರೆಯುವವರು ತಮ್ಮ ಕೋಡ್ ಇಟ್ಟುಕೊಳ್ಳುವ ತಾಣ ಗಿಟ್‌ಲ್ಯಾಬ್‌ನ ಮುಖ್ಯ ಡೇಟಾಬೇಸ್ ಅಳಿಸಿಹೋದಾಗ, ನಿತ್ಯದ ಬ್ಯಾಕಪ್ ಫೇಲ್ ಆಗುತ್ತಲೇ ಇತ್ತೆಂದು ಗೊತ್ತಾಯಿತು. ಪೋಸ್ಟ್‌ಗ್ರೆಸ್ 9.6ರ ಡೇಟಾಬೇಸಿಗೆ 9.2ರ ಬ್ಯಾಕಪ್ ಉಪಕರಣ ಓಡುತ್ತಿತ್ತು. ಅದರ ಎಚ್ಚರಿಕೆಯ ಮೇಲ್‌ಗಳೂ ತಿರಸ್ಕೃತವಾಗುತ್ತಿದ್ದವು. ಸುಮಾರು 6 ಗಂಟೆಗಳ ಡೇಟಾ ಹೋಯಿತು.

ನಿಮ್ಮ ಏಜೆನ್ಸಿಯವರನ್ನು ಇವತ್ತೇ ಕೇಳಿ: ಆರ್ಕೈವ್ ಡಿಸ್ಕ್ ತುಂಬಿದರೆ ನಿಮ್ಮ ಸ್ಕ್ರಿಪ್ಟು ಏನನ್ನು ಹಿಂದಿರುಗಿಸುತ್ತದೆ? ಬಾಯಿಮಾತಿನ ಉತ್ತರ ಬೇಡ, ಪರೀಕ್ಷಾ ಸರ್ವರಿನಲ್ಲಿ ಡಿಸ್ಕ್ ತುಂಬಿಸಿ ತೋರಿಸಲಿ. ಆಮೇಲೆ ನೀವೇ ಒಂದು ದಿನ, ಒಂದು ಗಂಟೆ ಆರಿಸಿ, ಅಲ್ಲಿಗೆ ರೀಸ್ಟೋರ್ ಮಾಡಿಸಿ. ಸಮಯದ ಮುಂದೆ +05:30 (ಭಾರತದ ಸಮಯ ಎಂಬ ಗುರುತು) ಹಾಕಿದ್ದಾರೆಯೇ ನೋಡಿ. ಸರ್ವರ್ ಯುಟಿಸಿಯಲ್ಲಿದ್ದು (ನಮಗಿಂತ ಐದೂವರೆ ಗಂಟೆ ಹಿಂದಿರುವ ಜಾಗತಿಕ ಸಮಯ) ಬರೀ 15:40 ಎಂದು ಕೊಟ್ಟರೆ ಅದು ನಮ್ಮ ರಾತ್ರಿ 9:10 ಆಗುತ್ತದೆ, ಎಡವಟ್ಟೂ ಸೇರಿಕೊಂಡೇ ವಾಪಸ್ ಬರುತ್ತದೆ. ಗುರಿಯ ಸಮಯ ಮುಟ್ಟಿದಾಗ ಪೋಸ್ಟ್‌ಗ್ರೆಸ್ ಸಾಮಾನ್ಯವಾಗಿ ತಡೆದು ನಿಲ್ಲುತ್ತದೆ. ಆಗಲೇ ನಿಮಗೆ ಗೊತ್ತಿರುವ ನಾಲ್ಕಾರು ಬಿಲ್ಲು ತೆಗೆದು ಪರಿಶೀಲಿಸಿ. ಅವು ಸರಿ ಕಂಡ ಮೇಲಷ್ಟೇ ಮುಂದುವರಿಸಲು ಹೇಳಿ.