ಮನೆಯ ಬಿಯರ್ ಮಬ್ಬಾಗಿದೆಯಾ? ತಿಳಿಯಾಗಿಸಲು ತಣ್ಣಗಿಡುವುದಾ, ಜೆಲಾಟಿನ್ ಹಾಕುವುದಾ?

ಆರಿಸುವ ಮುಂಚೆ ಒಂದು ಗುಟುಕು ಕುಡಿದು ನೋಡಿ. ಬೆಣ್ಣೆಯ ಘಮ ಬಂದರೆ ಅದು ಡಯಾಸಿಟೈಲ್, ಹಸಿರು ಸೇಬಿನ ರುಚಿಯಿದ್ದರೆ ಅಸಿಟಾಲ್ಡಿಹೈಡ್. ಎರಡೂ ಬಿಯರ್ ಹುದುಗುವಾಗ ಹುಟ್ಟುವ ರಾಸಾಯನಿಕಗಳು. ಯಾವುದು ಕಂಡರೂ ಸಾಮಾನ್ಯವಾಗಿ ಯೀಸ್ಟ್ (ಸಕ್ಕರೆಯನ್ನು ಮದ್ಯವಾಗಿಸುವ ಸೂಕ್ಷ್ಮಜೀವಿ) ಇನ್ನೂ ಕೆಲಸ ಮುಗಿಸಿಲ್ಲ ಅಂತ ಅರ್ಥ. ಈಗಲೇ ಫ್ರಿಜ್‌ಗಿಟ್ಟರೆ ಯೀಸ್ಟ್ ತಳ ಸೇರುತ್ತದೆ, ಕೆಟ್ಟ ರುಚಿ ಹಾಗೇ ಉಳಿಯುತ್ತದೆ. 20 ಡಿಗ್ರಿ ಆಸುಪಾಸಿನಲ್ಲಿ ಎರಡು ಮೂರು ದಿನ ಸುಮ್ನೆ ಬಿಡಿ, ಯೀಸ್ಟೇ ಅದನ್ನು ತಿಂದು ಹಾಕುತ್ತದೆ.

ರುಚಿ ಸರಿಯಿದ್ದು ಬರೀ ಮಬ್ಬಿದ್ದರೆ ಆಯ್ಕೆಯ ಮಾತು. ತಣ್ಣಗಿಡುವುದಕ್ಕೆ ಏನೂ ಬೆರೆಸಬೇಕಿಲ್ಲ. 0ಯಿಂದ 4 ಡಿಗ್ರಿಯಲ್ಲಿ ಎರಡು ಮೂರು ದಿನ ಇಟ್ಟರೆ ಯೀಸ್ಟ್ ಬಹುಪಾಲು ಕೆಳಗಿಳಿಯುತ್ತದೆ. ಆದರೆ ಪಾತ್ರೆ ತಣ್ಣಗಾದಾಗ ಒಳಗಿನ ಒತ್ತಡ ಇಳಿದು ಏರ್‌ಲಾಕ್ (ಒಳಗಿನ ಅನಿಲವನ್ನು ಹೊರಬಿಡುವ ಮುಚ್ಚಳದ ಕವಾಟ) ಮೂಲಕ ಹೊರಗಿನ ಗಾಳಿ ಒಳಗೆ ಬರುತ್ತದೆ. ಆಮ್ಲಜನಕ ತಾಗಿದ ಬಿಯರ್‌ಗೆ ಒದ್ದೆ ರಟ್ಟಿನ ರುಚಿ! ದೊಡ್ಡ ಫ್ರಿಜ್ ಕೂಡ ಬೇಕಲ್ವಾ?

ಜೆಲಾಟಿನ್ ಇನ್ನೂ ಚೊಕ್ಕ. 19 ಲೀಟರ್‌ಗೆ ಅರ್ಧ ಟೀ ಚಮಚ ಸಾಕು. ನೀರಲ್ಲಿ ನೆನೆಸಿ, ಕುದಿಸದೆ 65–70 ಡಿಗ್ರಿಗೆ ಬಿಸಿ ಮಾಡಿ, ತಣ್ಣಗಿರುವ ಬಿಯರ್‌ಗೆ ಸುರಿಯಿರಿ. ಅಂದರೆ ಫ್ರಿಜ್ ಇಲ್ಲೂ ಬೇಕು. ತಣ್ಣಗಾದಾಗಷ್ಟೇ ಕಾಣುವ ಪ್ರೋಟೀನ್ ಮಬ್ಬನ್ನೂ ಇದು ಬೇಗ ಎಳೆದು ಹಾಕುತ್ತದೆ. ಒಂದೇ ತೊಡಕು, ಇದು ಪ್ರಾಣಿಗಳ ಚರ್ಮ, ಮೂಳೆಯಿಂದ ಬಂದದ್ದು. ಸಸ್ಯಾಹಾರಿ ಗೆಳೆಯರಿಗೆ ಕೊಡುವುದಿದ್ದರೆ ನಾನಂತೂ ತಣ್ಣಗಿಟ್ಟು ಕಾಯುತ್ತೇನೆ.

ಗೋಧಿ ಬಿಯರ್ ಸಾಮಾನ್ಯವಾಗಿ ಮಬ್ಬಾಗಿಯೇ ಇರುತ್ತದೆ, ಬಿಟ್ಟುಬಿಡಿ. ಹುಳಿ ಹಿಡಿದು ಮೇಲೆ ಪೊರೆ ಕಟ್ಟಿದ್ದರೆ ಎರಡೂ ಬೇಡ. ಚೆಲ್ಲಿ, ಪಾತ್ರೆ ಉಜ್ಜಿ.