ಹೊತ್ತವರಿಗೆ ಐದು ಸ್ಟಾರ್, ಮಾಲೀಕರಿಗೆ ಎರಡು

ಅಪ್ಪ ತೀರಿಕೊಂಡಾಗ ಚರ್ಚಿನವರೊಬ್ಬರು ಹೇಳಿದ ಅಂಡರ್‌ಟೇಕರ್‌ಗೆ (ಅಂತ್ಯಕ್ರಿಯೆಯ ಏರ್ಪಾಡು ಮಾಡಿಕೊಡುವವರು) ಫೋನ್ ಮಾಡಿದೆವು. ಪೆಟ್ಟಿಗೆ, ಫ್ರೀಜರ್ ಬಾಕ್ಸ್, ವ್ಯಾನ್ ಎಲ್ಲ ಸರಿಯಾಗೇ ಬಂತು. ನಾನು ಬರೆಯಬೇಕು ಅಂದುಕೊಂಡಿದ್ದು ಹೊರಲು ಬಂದ ಹುಡುಗರ ಬಗ್ಗೆ.

ನಮ್ಮ ಮನೆ ಲಿಂಗರಾಜಪುರದಲ್ಲಿ, ಮೂರನೇ ಮಹಡಿ. ಲಿಫ್ಟ್ ಇಲ್ಲ. ಅವರ ಮೇಸ್ತ್ರಿ ಬಂದವರೇ ಮೆಟ್ಟಿಲಿನ ತಿರುವು ನೋಡಿದರು. "ಪೆಟ್ಟಿಗೆ ಇಲ್ಲಿ ತಿರುಗಲ್ಲಮ್ಮ, ನೆಟ್ಟಗೆ ನಿಲ್ಲಿಸಬೇಕಾಗುತ್ತೆ. ಅದು ಬೇಡ." ಅಪ್ಪನನ್ನು ಸ್ಟ್ರೆಚರ್‌ಗೆ ಬೆಲ್ಟ್ ಹಾಕಿ, ಕಾಲು ಮುಂದಾಗಿ ಇಳಿಸಿದರು. ಎತ್ತರದ ಹುಡುಗರು ಕೆಳಗಿನ ತುದಿಗೆ, ಕುಳ್ಳಗಿದ್ದವರು ಮೇಲಕ್ಕೆ. ಆಗಲೇ ಸ್ಟ್ರೆಚರ್ ಮಟ್ಟವಾಗಿ ನಿಲ್ಲೋದು. ಗೋಡೆಗೆ ಒಂದು ಕಡೆಯೂ ತಗುಲಲಿಲ್ಲ.

ಚರ್ಚಿನ ಬಾಗಿಲಲ್ಲಿ ನಾವೇ ಹೆಗಲು ಕೊಡ್ತೀವಿ ಎಂದೆವು. ಮೇಸ್ತ್ರಿ ಎತ್ತರ ನೋಡಿ ಜೋಡಿ ಮಾಡಿ ನಿಲ್ಲಿಸಿದರು. ನಾನೂ ಹೊರ್ತೀನಿ ಅಂದೆ. ಚಿಕ್ಕಪ್ಪ ಮುಖ ಸಿಂಡರಿಸಿದರು. ಮೇಸ್ತ್ರಿ ನನ್ನ ಚಪ್ಪಲಿ ನೋಡಿ, "ಹೀಲ್ಸ್ ಇಲ್ವಲ್ಲ, ಬನ್ನಿ" ಅಂದರು, ಅಷ್ಟೇ. ಆಮೇಲೆ, "ಹಿಡಿ ನಂಬಬೇಡಿ, ಅದು ಶೋಗೆ. ಅಡಿಗೆ ಕೈ ಹಾಕಿ." ಹೊಳೆಯುವ ಹಿಡಿಗೆ ಅಂತಲೇ ಜಾಸ್ತಿ ದುಡ್ಡು ಕೊಟ್ಟಿದ್ದೆವು!

ತಮ್ಮನಿಗೆ ಎಂಟು ಜನ ಬೇಕಿತ್ತು. 2022ರಲ್ಲಿ ಎಲಿಜಬೆತ್ ರಾಣಿಯ ಪೆಟ್ಟಿಗೆಯನ್ನು ಎಂಟು ಸೈನಿಕರು ಹೊತ್ತಿದ್ದನ್ನು ಟಿವಿಯಲ್ಲಿ ನೋಡಿದ್ದ. ಅದು ಸೀಸದ ಪದರ ಇದ್ದ ಪೆಟ್ಟಿಗೆ ಮಾರಾಯ. ನಮ್ಮದಕ್ಕೆ ಆರು ಜನ ಧಾರಾಳ.

ಒಳಗೆ ಕಾಲು ಬಲಿಪೀಠದ ಕಡೆ ಬರುವಂತೆ ಇಟ್ಟೆವು (ಪಾದ್ರಿಗಳು ತೀರಿಕೊಂಡರೆ ತಲೆ ಆ ಕಡೆ ಇಡುವ ಪದ್ಧತಿ). ಪೂಜೆ ಮುಗಿದ ಮೇಲೆ ಬೆಂಚುಗಳ ನಡುವೆ ಪೆಟ್ಟಿಗೆ ತಿರುಗಿಸಬೇಕಲ್ಲ, ಅದಕ್ಕೆ ಮಾತ್ರ ಹುಡುಗರು ಕೈ ಹಾಕಿದರು. ತಿರುಗಿಸಿ ಕೊಟ್ಟು ಮತ್ತೆ ಪಕ್ಕಕ್ಕೆ ಸರಿದರು.

ಕಲ್ಪಳ್ಳಿ ಸ್ಮಶಾನದಲ್ಲಿ ಗುಂಡಿಯ ಅಂಚು ಮಳೆಗೆ ಜಾರುತ್ತಿತ್ತು. ಅಲ್ಲಿ ನಮ್ಮನ್ನು ಹಿಂದಕ್ಕೆ ಕಳಿಸಿದರು. ಹಗ್ಗ ಬಿಡುವಾಗ ಮೇಸ್ತ್ರಿ ಒಬ್ಬರದೇ ಮಾತು: "ಬಿಡು, ಬಿಡು, ತಲೆ ಕಡೆ ತಡಿ." ಪೆಟ್ಟಿಗೆ ಸ್ವಲ್ಪವೂ ವಾಲಲಿಲ್ಲ.

ಇನ್ನು ಮಾಲೀಕರು. ಹೊರುವವರ ಕೂಲಿ ಪ್ಯಾಕೇಜಿನಲ್ಲೇ ಸೇರಿದೆ ಎಂದು ಫೋನಿನಲ್ಲಿ ಹೇಳಿದ್ದರು. ಮಣ್ಣು ಮುಗಿಸಿ ಬಂದರೆ ಬಿಲ್ಲಿನಲ್ಲಿ ತಲೆಗಿಷ್ಟು ಅಂತ ಬೇರೆ ಸೇರಿಸಿದ್ದಾರೆ. ಹುಡುಗರನ್ನು ಕೇಳಿದರೆ ಅದರ ಅರ್ಧವೂ ಅವರ ಕೈಗೆ ಬರೋದಿಲ್ಲವಂತೆ. ಆ ಹೊತ್ತಲ್ಲಿ ಯಾರು ಜಗಳ ಆಡ್ತಾರೆ, ಅಲ್ವಾ? ನೀವು ಯಾರಿಗೇ ಫೋನ್ ಮಾಡಿದರೂ ಯಾವ ಮಹಡಿ, ಲಿಫ್ಟ್ ಇದೆಯಾ ಎಂದು ಮೊದಲೇ ಹೇಳಿ. ಹೊರುವವರ ದುಡ್ಡು ಸೇರಿದೆಯಾ ಅನ್ನೋದನ್ನ ವಾಟ್ಸಾಪಿನಲ್ಲಿ ಬರೆಸಿಕೊಳ್ಳಿ. ಏನಾದರೂ ಖುಷಿಗೆ ಕೊಡುವುದಿದ್ದರೆ ಹೊತ್ತವರ ಕೈಗೇ ಕೊಡಿ.